ಬದುಕಲು ತನ್ನನ್ನೇ ತಿನ್ನುವ ಕೋಶ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಆಟೋಫಜಿ



ವೈದ್ಯವಿಜ್ಞಾನದಲ್ಲಿ ನಡೆಯುತ್ತಿರುವ ಕೆಲಸವನ್ನು ಕನ್ನಡದಲ್ಲಿ ಹೇಳಿಸಬೇಕು, ವೈದ್ಯರಲ್ಲದವರಿಗೂ ಅದು ತಲುಪಬೇಕು ಎಂಬ ಹಂಬಲದಿಂದ ಹುಟ್ಟಿದ ದತ್ತಿ ಉಪನ್ಯಾಸ ಇದು. ಈ ವರ್ಷ ಆ ಹೊಣೆಯನ್ನು ನನಗೆ ಒಪ್ಪಿಸಿದ್ದೀರಿ. ನಾನು ಆರಿಸಿಕೊಂಡ ವಿಷಯ ಆಟೋಫಜಿ. ಜೀವಕೋಶ ತನ್ನದೇ ಭಾಗಗಳನ್ನು ಒಡೆದು ಅರಗಿಸಿಕೊಳ್ಳುವ ಕ್ರಿಯೆಗೆ ಈ ಹೆಸರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದಕ್ಕಿರುವ ಪಾತ್ರವೇನು ಎಂಬುದು ಇವತ್ತಿನ ಮಾತು.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೆಲವು ವರ್ಷಗಳಿಂದ ಆಟೋಫಜಿ ಎಂಬ ಪದ ಪ್ರಯೋಗಾಲಯದ ಹೊಸಿಲು ದಾಟಿ ಮನೆಮನೆಗೆ ಬಂದಿದೆ. ಉಪವಾಸ ಮಾಡಿದರೆ ಆಟೋಫಜಿ ಹೆಚ್ಚುತ್ತದೆ, ಅದು ಹೆಚ್ಚಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಅದನ್ನು ನಂಬಿ ಚಿಕಿತ್ಸೆಯಲ್ಲಿರುವ ರೋಗಿಗೆ ಊಟ ಬಿಡಿಸುವವರೂ ಇದ್ದಾರೆ. ಇತ್ತ ಆಸ್ಪತ್ರೆಗಳಲ್ಲಿ ಆಟೋಫಜಿಯ ಮೇಲೆ ನಡೆದಿರುವ ಪ್ರಯೋಗಗಳನ್ನು ನೋಡಿದರೆ, ಅವುಗಳಲ್ಲಿ ಬಹುಪಾಲು ಹೊರಟಿರುವುದು ಆಟೋಫಜಿಯನ್ನು ತಡೆಯಲು. ಒಂದೇ ಕ್ರಿಯೆಯನ್ನು ಹೆಚ್ಚಿಸಿ ಎನ್ನುತ್ತಾರೆ ಕೆಲವರು, ನಿಲ್ಲಿಸಿ ಎನ್ನುತ್ತಾರೆ ಇನ್ನು ಕೆಲವರು. ಯಾರನ್ನು ನಂಬೋಣ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಟೋಫಜಿ ಮೂಲತಃ ಬದುಕುಳಿಯುವ ಉಪಾಯ. ಅದು ಯಾರನ್ನು ಬದುಕಿಸುತ್ತಿದೆ ಎಂಬುದರ ಮೇಲೆ ನಮಗೆ ಒಳ್ಳೆಯದೋ ಕೆಟ್ಟದ್ದೋ ಆಗುತ್ತದೆ. ಹಾಗಾಗಿ ಯಾವ ಕೋಶದಲ್ಲಿ, ರೋಗದ ಯಾವ ಘಟ್ಟದಲ್ಲಿ, ಯಾವ ಔಷಧದ ಜೊತೆಯಲ್ಲಿ ಎಂದು ಕೇಳದೆ ಆಟೋಫಜಿಯ ಬಗ್ಗೆ ಆಡುವ ಯಾವ ಮಾತಿಗೂ ಬೆಲೆಯಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರವಲ್ಲ, ಕಳೆದ ಮೂರು ದಶಕಗಳ ಪ್ರಯೋಗಗಳು ಒಂದರ ಹಿಂದೊಂದು ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿವೆ. ಆ ದಾರಿಯನ್ನು ನಿಮ್ಮೊಂದಿಗೆ ನಡೆಯುವುದೇ ಈ ಉಪನ್ಯಾಸದ ಉದ್ದೇಶ.

ಕೋಶದ ಸಾವಿಗೂ ಕ್ರಮವಿದೆ

ಕೋಶ ಬದುಕುಳಿಯುವ ಉಪಾಯವನ್ನು ಅರಿಯಲು ಅದು ಹೇಗೆ ಸಾಯುತ್ತದೆ ಎಂಬುದೂ ಗೊತ್ತಿರಬೇಕು, ಹಾಗಾಗಿ ಮೊದಲು ಸಾವಿನ ಮಾತು. 1972ರಲ್ಲಿ ಜಾನ್ ಕೆರ್, ಆಂಡ್ರೂ ವೈಲಿ, ಅಲೆಸ್ಟರ್ ಕರಿ ಎಂಬ ಮೂವರು 'ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪೆಟ್ಟು ತಿಂದ ಕೋಶ ಊದಿ ಒಡೆಯುವುದು ಒಂದು ಬಗೆಯ ಸಾವು. ಆದರೆ ಆರೋಗ್ಯವಂತ ಅಂಗಾಂಶದಲ್ಲೂ ಕೆಲವು ಕೋಶಗಳು ಕುಗ್ಗಿ, ಚೂರುಚೂರಾಗಿ, ಉರಿಯೂತವನ್ನೂ ಎಬ್ಬಿಸದೆ ಪಕ್ಕದ ಕೋಶಗಳಿಗೆ ತುತ್ತಾಗುತ್ತವೆ ಎಂದು ಅವರು ತೋರಿಸಿದರು. ಈ ಎರಡನೆಯ ಬಗೆಗೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು.

ಇದು ಆಕಸ್ಮಿಕವಲ್ಲ, ಜೀನುಗಳಲ್ಲಿ ಬರೆದಿಟ್ಟ ಕ್ರಮ ಎಂಬುದನ್ನು ಸಾಬೀತುಮಾಡಿದ್ದು ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ಹುಳು. ಸೀನೊರಾಬ್ಡೈಟಿಸ್ ಎಲಿಗನ್ಸ್ ಎಂಬ ಈ ಹುಳು ಬೆಳೆಯುವಾಗ ಅದರ ದೇಹದಲ್ಲಿ 1090 ಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಸಾಯುತ್ತವೆ. ಪ್ರತಿ ಹುಳುವಿನಲ್ಲೂ ಅದೇ 131, ಅದೇ ಹೊತ್ತಿಗೆ. ಈ ಕೆಲಸಕ್ಕಾಗಿ ಸಿಡ್ನಿ ಬ್ರೆನರ್, ಜಾನ್ ಸಲ್ಸ್‌ಟನ್, ರಾಬರ್ಟ್ ಹೊರ್ವಿಟ್ಸ್ ಅವರಿಗೆ 2002ರ ನೊಬೆಲ್ ಬಂತು.

ಕ್ಯಾನ್ಸರಿಗೂ ಇದಕ್ಕೂ ನಂಟು ಬೆಸೆದದ್ದು 1988ರಲ್ಲಿ, ಮೆಲ್ಬರ್ನಿನ ಡೇವಿಡ್ ವಾ, ಸುಜಾನ್ ಕೋರಿ, ಜೆರ್ರಿ ಆಡಮ್ಸ್ ಅವರ ಪ್ರಯೋಗ. ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಬಿಸಿಎಲ್-2 ಎಂಬ ಜೀನು ಮಿತಿಮೀರಿ ಕೆಲಸ ಮಾಡುವುದು ಆಗಲೇ ಗೊತ್ತಿತ್ತು. ಕ್ಯಾನ್ಸರ್ ತರುವ ಜೀನು ಎಂದರೆ ಕೋಶವನ್ನು ಬೇಗಬೇಗ ಒಡೆಸುವ ಜೀನು ಎಂದೇ ಎಲ್ಲರ ಎಣಿಕೆ. ಬಿಸಿಎಲ್-2 ಹಾಗೆ ಮಾಡುತ್ತಿರಲಿಲ್ಲ. ಸಾಯಬೇಕಾದ ಕೋಶವನ್ನು ಸಾಯಲು ಬಿಡುತ್ತಿರಲಿಲ್ಲ. ಹುಟ್ಟು ಹೆಚ್ಚಾದರೆ ಮಾತ್ರವಲ್ಲ, ಸಾವು ತಪ್ಪಿದರೂ ಗಡ್ಡೆ ಬೆಳೆಯುತ್ತದೆ ಎಂಬ ತಿಳಿವಳಿಕೆ ಇಲ್ಲಿಂದ ಗಟ್ಟಿಯಾಯಿತು.

ಆ ತಿಳಿವಳಿಕೆ ಔಷಧವಾಗಲು 28 ವರ್ಷ ಹಿಡಿಯಿತು. ಬಿಸಿಎಲ್-2 ಪ್ರೊಟೀನನ್ನು ಹಿಡಿದು ನಿಲ್ಲಿಸುವ ವೆನೆಟೋಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ದೀರ್ಘಕಾಲದ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಇದರ ಪರಿಣಾಮ ಎಷ್ಟು ಜೋರೆಂದರೆ, ಮೊದಲ ವಾರಗಳಲ್ಲಿ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಒಮ್ಮೆಗೇ ಪೂರ್ತಿ ಕೊಟ್ಟರೆ ಸತ್ತ ಕೋಶಗಳಿಂದ ಹೊರಬಿದ್ದ ಸರಕನ್ನು ಮೂತ್ರಪಿಂಡಗಳು ನಿಭಾಯಿಸಲಾರವು. ಸಾವಿನ ಕ್ರಮವನ್ನು ಅರಿತು ಅದನ್ನೇ ಚಿಕಿತ್ಸೆಯಾಗಿಸಿದ ದೊಡ್ಡ ಗೆಲುವು ಇದು. ಆಟೋಫಜಿಯಲ್ಲೂ ಇಂಥದೇ ಗೆಲುವನ್ನು ಎಲ್ಲರೂ ನಿರೀಕ್ಷಿಸಿದರು. ಅದು ಏಕೆ ಅಷ್ಟು ಸುಲಭವಾಗಲಿಲ್ಲ ಎಂಬುದೇ ಮುಂದಿನ ಕಥೆ.

ಹಸಿದ ಯೀಸ್ಟ್ ಕಲಿಸಿದ್ದು

ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಕೋಶದೊಳಗೆ ಕಿಣ್ವಗಳನ್ನು ತುಂಬಿಕೊಂಡ ಪುಟ್ಟ ಚೀಲಗಳನ್ನು ಗುರುತಿಸಿ ಲೈಸೋಸೋಮ್ ಎಂದು ಕರೆದರು. ಕೋಶದ ಸ್ವಂತ ಭಾಗಗಳೂ ಈ ಚೀಲಗಳಿಗೆ ಬಂದು ಬೀಳುತ್ತಿದ್ದದ್ದು ಸೂಕ್ಷ್ಮದರ್ಶಕದಲ್ಲಿ ಕಂಡಿತು. 1963ರಲ್ಲಿ ಅವರು ಇದಕ್ಕೆ ಆಟೋಫಜಿ ಎಂದರು. ಕಣ್ಣಿಗೆ ಕಂಡಿತು, ಹೆಸರೂ ಸಿಕ್ಕಿತು. ಆದರೆ ಅದನ್ನು ನಡೆಸುವ ಜೀನುಗಳು ಯಾವುವು ಎಂಬುದು ಮುಂದಿನ 30 ವರ್ಷ ಯಾರಿಗೂ ತಿಳಿಯಲಿಲ್ಲ.

ಆ ಗಂಟನ್ನು ಬಿಚ್ಚಿದವರು ಜಪಾನಿನ ಯೋಶಿನೋರಿ ಓಸುಮಿ. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ತೆರೆದಾಗ ಅವರಿಗೆ 43 ವರ್ಷ. ಬ್ರೆಡ್ಡು ಉಬ್ಬಿಸುವ ಯೀಸ್ಟನ್ನೇ ಅವರು ಆರಿಸಿಕೊಂಡರು. ಯೀಸ್ಟಿನ ರಸದಾನಿ ನಮ್ಮ ಲೈಸೋಸೋಮಿನ ಕೆಲಸವನ್ನೇ ಮಾಡುತ್ತದೆ. ಅವರ ಉಪಾಯ ಸರಳ: ರಸದಾನಿಯಲ್ಲಿ ಅರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ತೆಗೆದುಕೊಂಡು ಉಪವಾಸ ಕೆಡವಿದರು. ಒಳಗೆ ಬಂದದ್ದು ಅರಗದೆ ಉಳಿಯಬೇಕಲ್ಲ? ಉಳಿಯಿತು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಪುಟ್ಟ ಕೋಶಿಕೆಗಳು ಕುಣಿಯುತ್ತಿದ್ದದ್ದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಇನ್ನು ಜೀನುಗಳನ್ನು ಒಂದೊಂದಾಗಿ ಕೆಡಿಸಿ, ಯಾವುದು ಕೆಟ್ಟರೆ ಈ ಕೋಶಿಕೆಗಳು ಮಾಯವಾಗುತ್ತವೆ ಎಂದು ಹುಡುಕಿದರೆ ಸಾಕು. 1993ರಲ್ಲಿ ಅವರ ಗುಂಪು ಅಂಥ 15 ಜೀನುಗಳನ್ನು ಜಗತ್ತಿನ ಮುಂದಿಟ್ಟಿತು. 2016ರ ವೈದ್ಯಕೀಯ ನೊಬೆಲ್ ಓಸುಮಿ ಒಬ್ಬರಿಗೇ ಸಂದಿತು.

ಕೋಶ ಇದನ್ನೇಕೆ ಮಾಡುತ್ತದೆ? ಬರಗಾಲದ ವರ್ಷ ಹಳ್ಳಿಯ ಮನೆಯಲ್ಲಿ ಮುರಿದ ಗಾಡಿಯ ಮರ ಒಲೆಗೆ ಹೋಗುತ್ತದೆ, ಹಳೆಯ ಹಿತ್ತಾಳೆ ಸಂತೆಗೆ ಹೋಗುತ್ತದೆ, ಮನೆ ಮುಂದಿನ ಮಳೆಗಾಲದವರೆಗೆ ಉಳಿಯುತ್ತದೆ. ಕೋಶವೂ ಹಾಗೆಯೇ. ಆಹಾರ ಕಡಿಮೆಯಾದಾಗ ಎರಡು ಪದರದ ಪೊರೆಯೊಂದು ಮೂಡಿ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳಲ್ಲಿ ಕೆಟ್ಟವನ್ನೂ ಮುದ್ದೆಗಟ್ಟಿದ ಪ್ರೊಟೀನುಗಳನ್ನೂ ಸುತ್ತಿಕೊಳ್ಳುತ್ತದೆ. ಆ ಗಂಟು ಲೈಸೋಸೋಮಿಗೆ ಸೇರಿ, ಒಡೆದು, ಅಮೈನೋ ಆಮ್ಲಗಳಾಗಿ ಮರಳಿ ಬಳಕೆಗೆ ಬರುತ್ತದೆ. 2004ರಲ್ಲಿ ನೊಬೋರು ಮಿಜುಶಿಮಾ ಮತ್ತು ಸಂಗಡಿಗರು ಇದರ ಬೆಲೆಯನ್ನು ಇಲಿಮರಿಗಳಲ್ಲಿ ತೋರಿಸಿದರು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ಪೋಷಣೆ ನಿಂತು, ತಾಯಿಯ ಹಾಲು ಸಿಗುವವರೆಗೆ ಮರಿಯ ಅಂಗಾಂಗಗಳಲ್ಲಿ ಆಟೋಫಜಿ ಏರುತ್ತದೆ. ಇದಕ್ಕೆ ಬೇಕಾದ ಎಟಿಜಿ-5 ಜೀನು ಇಲ್ಲದ ಮರಿಗಳು ಹುಟ್ಟಿದ ಒಂದು ದಿನದೊಳಗೆ ಸತ್ತವು.

ಸಾವಿನ ಹೊತ್ತಿಗೆ ಕಂಡದ್ದು ಸಾವಿನ ಕಾರಣವೇ?

ಇಲ್ಲಿ ಒಂದು ತೊಡಕಿನ ಅಧ್ಯಾಯವಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಾಯುತ್ತಿರುವ ಕೋಶಗಳನ್ನು ನೋಡಿದವರಿಗೆ ಕೆಲವೊಮ್ಮೆ ಅವುಗಳ ತುಂಬ ಆಟೋಫಜಿಯ ಕೋಶಿಕೆಗಳು ಕಾಣುತ್ತಿದ್ದವು. ಹೀಗಾಗಿ ಅಪಾಪ್ಟೋಸಿಸ್ ಮೊದಲ ಬಗೆಯ ಸಾವು, ಆಟೋಫಜಿಯ ಸಾವು ಎರಡನೆಯ ಬಗೆ ಎಂಬ ವಿಂಗಡಣೆ ಹುಟ್ಟಿತು. ಔಷಧ ಹಾಕಿದ ಕ್ಯಾನ್ಸರ್ ಕೋಶದಲ್ಲಿ ಆಟೋಫಜಿ ಹೆಚ್ಚಿದ್ದು ಕಂಡರೆ, ಔಷಧ ಆಟೋಫಜಿಯಿಂದಲೇ ಕೊಂದಿತು ಎಂದು ಬರೆದ ಪ್ರಬಂಧಗಳು ಬೇಕಾದಷ್ಟಿವೆ.

ಆದರೆ ಒಂದು ಕ್ರಿಯೆ ಸಾವಿನ ಹೊತ್ತಿಗೆ ಹಾಜರಿದ್ದ ಮಾತ್ರಕ್ಕೆ ಅದೇ ಕೊಂದಿತು ಎನ್ನಲಾಗದು. ಪರೀಕ್ಷಿಸುವ ದಾರಿಯನ್ನು ಓಸುಮಿ ತೋರಿಸಿಕೊಟ್ಟಿದ್ದರು: ಆ ಕ್ರಿಯೆಯನ್ನು ತೆಗೆದುಹಾಕಿ ನೋಡಿ. ಕೊಲ್ಲುವುದು ಆಟೋಫಜಿಯೇ ಆಗಿದ್ದರೆ, ಅದನ್ನು ತೆಗೆದಾಗ ಕೋಶ ಬದುಕಬೇಕು. 2005ರಲ್ಲಿ ಫ್ರಾನ್ಸಿನ ಗೈಡೊ ಕ್ರೋಮರ್ ಅವರ ಗುಂಪು ಹಸಿದ ಕೋಶಗಳಲ್ಲಿ ಆಟೋಫಜಿಯನ್ನು ತಡೆದಾಗ ಆದದ್ದು ತದ್ವಿರುದ್ಧ. ಕೋಶಗಳು ಅಪಾಪ್ಟೋಸಿಸ್ ದಾರಿ ಹಿಡಿದು ಸತ್ತವು. ಬೇರೆಬೇರೆ ಪ್ರಯೋಗಾಲಯಗಳಲ್ಲಿ ಮತ್ತೆಮತ್ತೆ ಇದೇ ಕಂಡಿತು. ಬಹುಪಾಲು ಸಂದರ್ಭಗಳಲ್ಲಿ ಸಾಯುತ್ತಿರುವ ಕೋಶದೊಳಗಿನ ಆಟೋಫಜಿ ಬದುಕಲು ಮಾಡಿದ ಕೊನೆಯ ಪ್ರಯತ್ನ. 2013ರಲ್ಲಿ ಬೆತ್ ಲೆವೀನ್ ಅವರ ಗುಂಪು ಗುರುತಿಸಿದ ಆಟೋಸಿಸ್‌ನಂಥ ಅಪವಾದಗಳು ಇವೆ, ಅಲ್ಲಿ ಆಟೋಫಜಿ ಮಿತಿಮೀರಿ ಕೋಶವನ್ನು ನಿಜಕ್ಕೂ ಕೊಲ್ಲುತ್ತದೆ. ಅಪವಾದವನ್ನೇ ನಿಯಮ ಮಾಡಿಕೊಂಡರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ವಿದ್ಯಾರ್ಥಿಗಳು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಂಡದ್ದನ್ನು ಕಾರಣ ಎಂದು ಕರೆಯುವ ಮೊದಲು ಅದನ್ನು ತೆಗೆದು ನೋಡಬೇಕು. ಇಲ್ಲಿಂದ ಮುಂದೆ ನಾನು ಹೇಳುವ ಹಲವು ಪ್ರಯೋಗಗಳು ಇದೇ ಪರೀಕ್ಷೆಯ ಬೇರೆಬೇರೆ ರೂಪಗಳು.

ಮೊದಲ ಘಟ್ಟ: ಕಾವಲು

ಬೆತ್ ಲೆವೀನ್ ಆಟೋಫಜಿಗೆ ಬಂದದ್ದು ವೈರಸ್ಸುಗಳ ಸಂಶೋಧನೆಯ ದಾರಿಯಿಂದ. ಬಿಸಿಎಲ್-2 ಪ್ರೊಟೀನಿಗೆ ಅಂಟಿಕೊಳ್ಳುವ ಮತ್ತೊಂದು ಪ್ರೊಟೀನನ್ನು ಹುಡುಕುತ್ತಾ ಅವರು 1998ರಲ್ಲಿ ಬೆಕ್ಲಿನ್-1 ಅನ್ನು ಕಂಡರು. ಅದು ಯೀಸ್ಟಿನ ಆಟೋಫಜಿ ಜೀನೊಂದರ ಮನುಷ್ಯರೂಪ ಎಂದು ಗೊತ್ತಾಯಿತು. 1999ರಲ್ಲಿ, ಬೆಕ್ಲಿನ್-1 ಕಡಿಮೆಯಿದ್ದ ಸ್ತನ ಕ್ಯಾನ್ಸರ್ ಕೋಶಗಳಿಗೆ ಅದನ್ನು ಮರಳಿ ಕೊಟ್ಟಾಗ ಆಟೋಫಜಿ ಹೆಚ್ಚಿ, ಇಲಿಗಳಲ್ಲಿ ಗಡ್ಡೆ ಕಟ್ಟುವ ಶಕ್ತಿ ಕುಂದಿತು. 2003ರಲ್ಲಿ ಎರಡು ಗುಂಪುಗಳು, ಈ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಿಗೆ ತಾವಾಗಿಯೇ ಗಡ್ಡೆಗಳು ಬರುತ್ತವೆ ಎಂದು ತೋರಿಸಿದವು. ಸಾವನ್ನು ತಡೆಯುವ ಬಿಸಿಎಲ್-2, ಬೆಕ್ಲಿನ್-1ಕ್ಕೆ ಅಂಟಿಕೊಂಡು ಆಟೋಫಜಿಯನ್ನೂ ತಡೆಯುತ್ತದೆ ಎಂಬುದು 2005ರಲ್ಲಿ ಖಚಿತವಾಯಿತು. ಸಾವು ಮತ್ತು ಸ್ವಭಕ್ಷಣೆ ಎರಡರ ಲಗಾಮೂ ಒಂದೇ ಪ್ರೊಟೀನಿನ ಕೈಯಲ್ಲಿತ್ತು.

ತರ್ಕ ಸ್ಪಷ್ಟವಾಗಿತ್ತು. ಕೆಟ್ಟ ಮೈಟೋಕಾಂಡ್ರಿಯಾಗಳು ಕೋಶದಲ್ಲೇ ಉಳಿದರೆ ಡಿಎನ್ಎಗೆ ಪೆಟ್ಟು ಕೊಡುವ ರಾಸಾಯನಿಕಗಳು ಹೆಚ್ಚುತ್ತವೆ, ಉರಿಯೂತ ಹೆಚ್ಚುತ್ತದೆ, ಕ್ಯಾನ್ಸರಿಗೆ ನೆಲ ಹದವಾಗುತ್ತದೆ. ಆಟೋಫಜಿ ಅದನ್ನು ದಿನವೂ ಶುಚಿಗೊಳಿಸುತ್ತದೆ. ಆರೋಗ್ಯವಂತ ಅಂಗಾಂಶದಲ್ಲಿ ಅದು ಕಾವಲುಗಾರ. ಈ ದಾರಿಯನ್ನು ತೆರೆದ ಲೆವೀನ್ ಅವರು 2020ರಲ್ಲಿ, 60ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಈ ಕ್ಷೇತ್ರ ಅವರಿಗೆ ಸದಾ ಋಣಿ.

ಆದರೆ ವಿಜ್ಞಾನ ಗೌರವಿಸುತ್ತಲೇ ಪ್ರಶ್ನಿಸುತ್ತದೆ. ಮನುಷ್ಯರ ಗಡ್ಡೆಗಳಲ್ಲಿ ಬೆಕ್ಲಿನ್-1 ಕಳೆದುಹೋಗುವುದೇಕೆ? 17ನೇ ವರ್ಣತಂತುವಿನಲ್ಲಿ ಅದರ ನೆರೆಯಲ್ಲೇ ಬಿಆರ್‌ಸಿಎ-1 ಎಂಬ, ಸ್ತನ ಮತ್ತು ಅಂಡಾಶಯದ ಕ್ಯಾನ್ಸರನ್ನು ತಡೆಯುವ ಪ್ರಸಿದ್ಧ ಜೀನು ಇದೆ. ಬಿಆರ್‌ಸಿಎ-1 ಕಳೆಯುವಾಗ ನೆರೆಯ ಬೆಕ್ಲಿನ್-1 ಕೂಡ ಜೊತೆಗೆ ಕಳೆದುಹೋಗಿರಬಹುದು ಎಂದು 2014ರ ಒಂದು ವಿಶ್ಲೇಷಣೆ ವಾದಿಸಿತು. ಇನ್ನೊಂದು ಸುಳಿವೂ ಇತ್ತು. ಎಟಿಜಿ-5 ಅನ್ನು ದೇಹದ ಅಲ್ಲಲ್ಲಿ ಕಳೆದುಕೊಂಡ ಇಲಿಗಳಿಗೆ ಯಕೃತ್ತಿನಲ್ಲಿ ಗಡ್ಡೆಗಳಾದವು, ಆದರೆ ಅವು ಅಪಾಯವಿಲ್ಲದ ಗಡ್ಡೆಗಳಾಗಿಯೇ ಉಳಿದವು ಎಂದು 2011ರಲ್ಲಿ ವರದಿಯಾಯಿತು. ಆಟೋಫಜಿ ಇಲ್ಲದೆ ಗಡ್ಡೆ ಮೂಡಬಲ್ಲದು. ಮುಂದಕ್ಕೆ ಹೋಗಿ ಕ್ಯಾನ್ಸರ್ ಆಗಬೇಕಾದರೆ ಅದಕ್ಕೂ ಆಟೋಫಜಿ ಬೇಕೇನೋ ಎಂಬ ಅನುಮಾನ ಇಲ್ಲಿ ಬಲವಾಯಿತು.

ಎರಡನೇ ಘಟ್ಟ: ಗಡ್ಡೆಯ ಊಟ

ಗಡ್ಡೆಯ ನಡುಭಾಗಕ್ಕೆ ರಕ್ತನಾಳಗಳು ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಆಮ್ಲಜನಕವೂ ಕಡಿಮೆ, ಆಹಾರವೂ ಕಡಿಮೆ. ಅಮೆರಿಕದ ಐಲೀನ್ ವೈಟ್ ಅವರ ಗುಂಪು 2006ರಲ್ಲಿ ತೋರಿಸಿದಂತೆ, ಇಂಥ ಜಾಗದಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಆಟೋಫಜಿಯಿಂದಲೇ ಜೀವ ಹಿಡಿದಿರುತ್ತವೆ. ಅದರಲ್ಲೂ ಕೆರಾಸ್ ಎಂಬ ಜೀನು ಕೆಟ್ಟು ಸದಾ ಉರಿಯುವ ಹಲವು ಕ್ಯಾನ್ಸರುಗಳು ಆಟೋಫಜಿಯನ್ನು ಹೆಚ್ಚು ಆತುಕೊಂಡಿರುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳಲ್ಲಿ ಬಹುಪಾಲು ಇಂಥವೇ. 2011ರಲ್ಲಿ ಅಲೆಕ್ ಕಿಮ್ಮೆಲ್‌ಮನ್ ಅವರ ಗುಂಪು, ಆ ಕೋಶಗಳಲ್ಲಿ ಏನೂ ಒತ್ತಡವಿಲ್ಲದಾಗಲೂ ಆಟೋಫಜಿ ಜೋರಾಗಿ ನಡೆಯುತ್ತಿರುತ್ತದೆ, ತಡೆದರೆ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ತೋರಿಸಿತು. 2016ರಲ್ಲಿ ಅದೇ ಗುಂಪು ಇನ್ನೂ ಅಚ್ಚರಿಯ ಸಂಗತಿ ಹೊರಗೆಡಹಿತು: ಕ್ಯಾನ್ಸರ್ ಕೋಶ ತನ್ನ ಸುತ್ತಲಿನ ಸಾಮಾನ್ಯ ಕೋಶಗಳನ್ನೂ ಆಟೋಫಜಿಗೆ ಹಚ್ಚಿ, ಅವು ಹೊರಬಿಟ್ಟ ಅಲನೈನ್ ಎಂಬ ಅಮೈನೋ ಆಮ್ಲವನ್ನು ತಾನು ಉಣ್ಣುತ್ತದೆ.

ಹಾಗಾದರೆ ಆಟೋಫಜಿಯನ್ನು ಪೂರ್ತಿ ನಿಲ್ಲಿಸಿಬಿಡೋಣವೇ? ವೈಟ್ ಅವರ ಗುಂಪು 2014ರಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿತು. ಶ್ವಾಸಕೋಶದ ಕ್ಯಾನ್ಸರ್ ಇದ್ದ ವಯಸ್ಕ ಇಲಿಗಳ ಇಡೀ ದೇಹದಿಂದ ಎಟಿಜಿ-7 ಜೀನನ್ನು ತೆಗೆದರು. ಗಡ್ಡೆಗಳು ಸೊರಗಿದವು. ಆದರೆ ಇಲಿಗಳು ಎರಡು ಮೂರು ತಿಂಗಳಿಗಿಂತ ಹೆಚ್ಚು ಬದುಕಲಿಲ್ಲ. ಕೊಬ್ಬು ಕರಗಿತು, ನರಕೋಶಗಳು ನಾಶವಾದವು. ಉಪವಾಸ ಕೆಡವಿದಾಗಲಂತೂ ರಕ್ತದ ಸಕ್ಕರೆ ಕುಸಿದು ಬೇಗನೆ ಸತ್ತವು. ಈ ಒಂದು ಪ್ರಯೋಗದಲ್ಲಿ ಆಸೆ ಮತ್ತು ಎಚ್ಚರಿಕೆ ಎರಡೂ ಇವೆ. ಸಾಮಾನ್ಯ ಅಂಗಾಂಶಕ್ಕೆ ಹಾನಿಯಾಗುವ ಮೊದಲೇ ಗಡ್ಡೆ ಸೋಲುತ್ತದೆ ಎಂಬುದು ಆಸೆ. ಆ ನಡುವಿನ ಅವಧಿ ಚಿಕ್ಕದು ಎಂಬುದು ಎಚ್ಚರಿಕೆ. ಚಿಕಿತ್ಸೆ ಆ ಅವಧಿಯೊಳಗೇ ಕೆಲಸ ಮುಗಿಸಬೇಕು.

ಮಲೇರಿಯಾ ಮಾತ್ರೆಯ ಹೊಸ ಕೆಲಸ

ಆಟೋಫಜಿಯನ್ನು ತಡೆಯಲು ಕೈಗೆ ಸಿಕ್ಕ ಔಷಧ ಹಳೆಯದೇ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ ಮತ್ತು ಅದರ ತಮ್ಮನಂಥ ಹೈಡ್ರಾಕ್ಸಿಕ್ಲೋರೋಕ್ವಿನ್ ನಮ್ಮ ಊರುಗಳಿಗೂ ಚಿರಪರಿಚಿತ. ಕೀಲುವಾತಕ್ಕೆ ನುಂಗುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಔಷಧ ಲೈಸೋಸೋಮಿನ ಹುಳಿಯಲ್ಲಿ ಸಿಕ್ಕಿಕೊಂಡು ಶೇಖರಗೊಳ್ಳುತ್ತದೆ, ಅಲ್ಲಿನ ಅರಗಿಸುವ ಕೆಲಸವನ್ನು ಕೆಡಿಸುತ್ತದೆ, ಆಟೋಫಜಿಯ ಗಂಟುಗಳು ಲೈಸೋಸೋಮಿಗೆ ಸೇರದಂತೆಯೂ ಮಾಡುತ್ತದೆ. 2007ರಲ್ಲಿ ರವಿ ಅಮರಾವದಿ, ಕ್ರೇಗ್ ಥಾಂಪ್ಸನ್ ಮತ್ತು ಸಂಗಡಿಗರು ಇಲಿಗಳ ಲಿಂಫೋಮಾದಲ್ಲಿ, ಕೋಶಗಳನ್ನು ಕೊಲ್ಲುವ ಚಿಕಿತ್ಸೆಯ ಜೊತೆ ಕ್ಲೋರೋಕ್ವಿನ್ ಕೊಟ್ಟಾಗ ಗಡ್ಡೆ ಮರಳುವುದು ತಡವಾಗುತ್ತದೆ ಎಂದು ತೋರಿಸಿದರು. ಮನುಷ್ಯರಲ್ಲಿ ಪ್ರಯೋಗಗಳು ಶುರುವಾದವು.

ಫಲಿತಾಂಶಗಳನ್ನು ನೇರವಾಗಿ ಹೇಳಬೇಕು. ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರಿನಲ್ಲಿ ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಕಿಮೊಥೆರಪಿ ಔಷಧದ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಪ್ರಯೋಗದ ವರದಿ 2014ರಲ್ಲಿ ಬಂತು. ದಿನಕ್ಕೆ 600 ಮಿಲಿಗ್ರಾಂ ದಾಟಿದರೆ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್ಟುಗಳೂ ಅಪಾಯಕಾರಿಯಾಗಿ ಇಳಿದವು. ತಡೆದುಕೊಳ್ಳಬಹುದಾದ ಪ್ರಮಾಣದಲ್ಲಿ ಆಟೋಫಜಿ ಎಲ್ಲ ರೋಗಿಗಳಲ್ಲಿ ಒಂದೇ ಸಮನೆ ತಗ್ಗಲಿಲ್ಲ, ಆಯುಷ್ಯವೂ ಗಣನೀಯವಾಗಿ ಹೆಚ್ಚಲಿಲ್ಲ. 2019ರಲ್ಲಿ ಮೇದೋಜೀರಕದ ಕ್ಯಾನ್ಸರ್ ಹರಡಿದ್ದ 112 ರೋಗಿಗಳ ಪ್ರಯೋಗದ ವರದಿ ಬಂತು. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದ್ದವರು ಶೇ. 49. ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡಿಸಿ ಪಡೆದವರಲ್ಲಿ ಶೇ. 41. ಆಯುಷ್ಯ ಹೆಚ್ಚಲಿಲ್ಲ. ಆದರೆ ಗಡ್ಡೆ ಕುಗ್ಗಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 21 ಇದ್ದರೆ ಎರಡನೆಯದರಲ್ಲಿ ಶೇ. 38. ಗಡ್ಡೆಯ ಮೇಲೆ ಏನೋ ಆಗುತ್ತಿದೆ, ಆದರೆ ಅದು ರೋಗಿಯ ಆಯುಷ್ಯವಾಗಿ ಬದಲಾಗುತ್ತಿಲ್ಲ.

ಏಕೆ? ಒಂದು, ಔಷಧದ ಶಕ್ತಿ ಸಾಲದು. ಎರಡು, ಔಷಧ ಆಟೋಫಜಿಯ ಮೂಲಕವೇ ಕೆಲಸ ಮಾಡುತ್ತಿದೆಯೇ ಎಂಬ ಅನುಮಾನ. ಎಟಿಜಿ-7 ಜೀನನ್ನೇ ತೆಗೆದು ಆಟೋಫಜಿ ಇಲ್ಲದಂತೆ ಮಾಡಿದ ಕೋಶಗಳೂ ಕ್ಲೋರೋಕ್ವಿನ್‌ಗೆ ಅಷ್ಟೇ ಸಾಯುತ್ತವೆ ಎಂದು 2016ರ ಪ್ರಯೋಗವೊಂದು ತೋರಿಸಿತು. ಮತ್ತದೇ ತೆಗೆದು ನೋಡುವ ಪರೀಕ್ಷೆ, ಮತ್ತದೇ ಪಾಠ. ಮೂರನೆಯ ಕಾರಣ ಜೊತೆಗಾರ ಔಷಧದ ಆಯ್ಕೆ. 2019ರಲ್ಲಿ ಎರಡು ಗುಂಪುಗಳು, ಕೆರಾಸ್‌ನ ಆಜ್ಞೆಯನ್ನು ಮುಂದಕ್ಕೆ ಸಾಗಿಸುವ ಸರಪಣಿಯನ್ನು ಔಷಧದಿಂದ ಕಡಿದಾಗ ಮೇದೋಜೀರಕದ ಕ್ಯಾನ್ಸರ್ ಕೋಶಗಳು ಆಟೋಫಜಿಯನ್ನು ಇನ್ನಷ್ಟು ಹೆಚ್ಚಿಸಿಕೊಂಡು ಪಾರಾಗುತ್ತವೆ ಎಂದು ತೋರಿಸಿದವು. ಅಂಥ ಹೊತ್ತಿನಲ್ಲಿ ಆಟೋಫಜಿಯನ್ನು ತಡೆದರೆ ಪೆಟ್ಟು ಇಮ್ಮಡಿ. ಯಾವ ಕಿಮೊಥೆರಪಿಗೋ ಒಂದು ಮಾತ್ರೆ ಸೇರಿಸುವುದಕ್ಕೂ, ಕೋಶ ಯಾವ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆಂದು ತಿಳಿದು ಆ ದಾರಿಯನ್ನೇ ಮುಚ್ಚುವುದಕ್ಕೂ ಬಹಳ ಅಂತರವಿದೆ.

ರೋಗನಿರೋಧಕ ಶಕ್ತಿಯ ಎರಡು ಸಾಕ್ಷ್ಯ

ಇನ್ನೊಂದು ಜಟಿಲತೆ ನಮ್ಮ ರೋಗನಿರೋಧಕ ವ್ಯವಸ್ಥೆಯಿಂದ ಬರುತ್ತದೆ. ಕೆಲವು ಕಿಮೊಥೆರಪಿ ಔಷಧಗಳಿಂದ ಸಾಯುವ ಕ್ಯಾನ್ಸರ್ ಕೋಶ ಎಟಿಪಿ ಎಂಬ ಅಣುವನ್ನು ಹೊರಚೆಲ್ಲುತ್ತದೆ, ಅದರ ಸುಳಿವು ಹಿಡಿದು ರೋಗನಿರೋಧಕ ಕೋಶಗಳು ಬರುತ್ತವೆ. ಹೀಗೆ ಚೆಲ್ಲಲು ಆಟೋಫಜಿ ಬೇಕು ಎಂದು 2011ರಲ್ಲಿ ಕ್ರೋಮರ್ ಅವರ ಗುಂಪು ಇಲಿಗಳಲ್ಲಿ ಕಂಡಿತು. ಇಲ್ಲಿ ಆಟೋಫಜಿ ಚಿಕಿತ್ಸೆಯ ಪರ. 2020ರಲ್ಲಿ ಕಿಮ್ಮೆಲ್‌ಮನ್ ಗುಂಪು ಇದರ ಎದುರು ಬದಿಯನ್ನು ತೋರಿಸಿತು. ಮೇದೋಜೀರಕದ ಕ್ಯಾನ್ಸರ್ ಕೋಶಗಳು ತಮ್ಮ ಗುರುತು ತೋರಿಸುವ ಎಂಎಚ್‌ಸಿ-1 ಪ್ರೊಟೀನನ್ನು ಆಟೋಫಜಿಯಿಂದಲೇ ಅರಗಿಸಿಕೊಂಡು ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸುತ್ತವೆ. ಇಲ್ಲಿ ಆಟೋಫಜಿ ಕ್ಯಾನ್ಸರಿನ ಪರ. ಎರಡೂ ನಿಜ. ಔಷಧ ಬೇರೆ, ಅಂಗ ಬೇರೆ, ಘಟ್ಟ ಬೇರೆ.

ಮೂರನೇ ಘಟ್ಟ: ಮಲಗಿರುವ ಕೋಶ

ನನಗೆ ಇವತ್ತು ಅತಿ ಹೆಚ್ಚು ಭರವಸೆ ಹುಟ್ಟಿಸುವ ಘಟ್ಟ ಇದು. ಕ್ಯಾನ್ಸರಿನಿಂದ ಬಹುಪಾಲು ಸಾವುಗಳು ಮೊದಲ ಗಡ್ಡೆಯಿಂದಲ್ಲ, ಅದು ಹರಡುವುದರಿಂದ ಆಗುತ್ತವೆ. ಹರಡಬೇಕಾದರೆ ಕೋಶ ತನ್ನ ನೆಲೆಯಿಂದ ಬಿಡಿಸಿಕೊಳ್ಳಬೇಕು. ಸಾಮಾನ್ಯ ಕೋಶ ಹಾಗೆ ಬಿಡಿಸಿಕೊಂಡರೆ ಅಪಾಪ್ಟೋಸಿಸ್ ಆಗಿ ಸಾಯುತ್ತದೆ. ಕ್ಯಾನ್ಸರ್ ಕೋಶ ಹೇಗೆ ಬದುಕುತ್ತದೆ? ಈ ಪ್ರಶ್ನೆಗೆ ನಮ್ಮ ಬೆಂಗಳೂರಿನಲ್ಲೂ ಉತ್ತರ ಹುಡುಕಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ಗುಂಪು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆಲೆ ತಪ್ಪಿದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಶಕ್ತಿಯ ಕೊರತೆಯನ್ನು ಅರಿಯುವ ಎಎಂಪಿಕೆ ಎಂಬ ಕಿಣ್ವ ಚುರುಕಾಗುತ್ತದೆ, ಬೆಳವಣಿಗೆಗೆ ಪ್ರಚೋದಿಸುವ ಎಕೆಟಿ ತಣ್ಣಗಾಗುತ್ತದೆ. ಈ ಅದಲುಬದಲನ್ನು ಕೆಡಿಸಿದಾಗ ಆಟೋಫಜಿ ಕುಂದಿತು, ಕೋಶಗಳು ಹೆಚ್ಚು ಸತ್ತವು, ಹರಡುವಿಕೆಯೂ ಕಡಿಮೆಯಾಯಿತು. ಆಟೋಫಜಿಯ ಮೂಲಭೂತ ಸಂಶೋಧನೆಯನ್ನು ಯೀಸ್ಟಿನಿಂದಲೇ ಹಿಡಿದು ನಡೆಸುತ್ತಿರುವ ರವಿ ಮಂಜಿತಾಯ ಅವರ ಪ್ರಯೋಗಾಲಯವೂ ನಮ್ಮದೇ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದೆ.

ಹೀಗೆ ಪಾರಾದ ಕೋಶಗಳಲ್ಲಿ ಕೆಲವು ಮೂಳೆಮಜ್ಜೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ಒಡೆಯದ ಕೋಶಕ್ಕೆ ಕಿಮೊಥೆರಪಿ ಹೆಚ್ಚೇನೂ ಮಾಡಲಾರದು. ಆಟೋಫಜಿ ಅವುಗಳ ಜೀವನಾಧಾರಗಳಲ್ಲಿ ಒಂದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ್ದರೂ ಮಜ್ಜೆಯಲ್ಲಿ ಇಂಥ ಕೋಶಗಳಿದ್ದ 51 ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಎವರೋಲಿಮಸ್ ಎಂಬ ಮತ್ತೊಂದು ಔಷಧ ಅಥವಾ ಎರಡನ್ನೂ ಕೊಟ್ಟ ಪ್ರಯೋಗದ ವರದಿ 2025ರಲ್ಲಿ ಬಂತು. ಹೆಚ್ಚಿನವರಲ್ಲಿ ಮಲಗಿದ್ದ ಕೋಶಗಳು ಕಡಿಮೆಯಾದವು ಅಥವಾ ಕಾಣದಾದವು. ಇದು ಸುರಕ್ಷತೆಯನ್ನೂ ಸಾಧ್ಯತೆಯನ್ನೂ ನೋಡಲು ನಡೆಸಿದ ಸಣ್ಣ ಪ್ರಯೋಗ. ದೊಡ್ಡ ಪ್ರಯೋಗಗಳು ಇದನ್ನು ಎತ್ತಿಹಿಡಿಯಬೇಕು. ಆದರೂ ಗಮನಿಸಿ: ಹರಡಿದ ಮೇದೋಜೀರಕದ ಕ್ಯಾನ್ಸರಿನಲ್ಲಿ ಆಯುಷ್ಯ ಹೆಚ್ಚಿಸಲಾಗದ ಅದೇ ಮಾತ್ರೆ, ಮಲಗಿದ ಕೋಶದ ಎದುರು ಬೇರೆಯೇ ಭರವಸೆ ತೋರುತ್ತಿದೆ. ಮಾತ್ರೆ ಬದಲಾಗಲಿಲ್ಲ, ಕ್ಯಾನ್ಸರಿನ ಬಗೆ ಮತ್ತು ಅದನ್ನು ಕೊಟ್ಟ ಹೊತ್ತು ಬದಲಾದವು.

ಉಪವಾಸದ ಪ್ರಶ್ನೆ

ಈಗ ಮೊಬೈಲಿನಲ್ಲಿ ಹರಿದಾಡುವ ಮಾತಿಗೆ ಬರೋಣ. ಏಕಾದಶಿ, ಸೋಮವಾರ, ರಮ್ಜಾನ್ ಎಂದು ಆರೋಗ್ಯವಂತರು ಮಾಡುವ ಉಪವಾಸದ ಬಗ್ಗೆ ನನ್ನ ತಕರಾರಿಲ್ಲ. ನನ್ನ ಆತಂಕ ಚಿಕಿತ್ಸೆಯಲ್ಲಿರುವ ರೋಗಿಯ ಬಗ್ಗೆ. ಉಪವಾಸ ಆಟೋಫಜಿಯನ್ನು ಏರಿಸುತ್ತದೆ ಎಂಬುದು ಇಲಿಗಳಲ್ಲಿ ಸ್ಪಷ್ಟವಾಗಿ ಸಾಬೀತಾಗಿದೆ. ಆದರೆ ಏರಿದ ಆಟೋಫಜಿ ಗಡ್ಡೆಯನ್ನು ತಿನ್ನುತ್ತದೆ ಎಂಬುದು ಅದರಿಂದ ಸಿದ್ಧವಾಗುವುದಿಲ್ಲ. ಬೆಳೆದ ಗಡ್ಡೆಗೆ ಅದೇ ಊಟವಾದೀತು ಎಂಬುದನ್ನು ಈಗ ತಾನೇ ನೋಡಿದೆವು. ಉಪವಾಸವನ್ನು ಅನುಕರಿಸುವ ಆಹಾರಕ್ರಮವನ್ನು ಕಿಮೊಥೆರಪಿಯ ಜೊತೆ ಪರೀಕ್ಷಿಸಿದ ನೆದರ್‌ಲ್ಯಾಂಡ್ಸಿನ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ತನ ಕ್ಯಾನ್ಸರಿನ 131 ರೋಗಿಗಳಿದ್ದರು. ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗುವುದರಲ್ಲಿ ಕೆಲವು ಒಳ್ಳೆಯ ಸೂಚನೆ ಕಂಡರೂ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕ್ಯಾನ್ಸರ್ ಪೂರ್ತಿ ಮಾಯವಾದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆ ಆಹಾರಕ್ರಮವನ್ನು ಕೊನೆಯವರೆಗೆ ಪಾಲಿಸಿದವರು ಸ್ವಲ್ಪವೇ ಜನ. ವೈದ್ಯರು, ಆಹಾರತಜ್ಞರು ಕಾವಲಿದ್ದ ಪ್ರಯೋಗದ ಪಾಡು ಇದು. ಮನೆಯಲ್ಲಿ ತೂಕ ಇಳಿಯುತ್ತಿರುವ, ಬಾಯಿಹುಣ್ಣಿನಿಂದ ಅನ್ನ ಸೇರದ ರೋಗಿಗೆ ಊಟ ಬಿಡಿಸುವುದು ಅನ್ಯಾಯ. ರೋಗಿಯ ದೇಹ ಸೊರಗಿದರೆ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ, ಪ್ರಮಾಣ ಇಳಿಸಬೇಕಾಗುತ್ತದೆ. ದಯವಿಟ್ಟು ಊಟ ಕೊಡಿ. ಆಹಾರದಲ್ಲಿ ಬದಲಾವಣೆ ಬೇಕೆನಿಸಿದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಿ. ಆಟೋಫಜಿ ಹೆಚ್ಚಿಸುತ್ತೇವೆ ಎಂದು ಮಾರುವ ಪುಡಿ ಮಾತ್ರೆಗಳ ವಿಷಯದಲ್ಲೂ ಇದೇ ಮಾತು.

ಮುಂದೆ ಆಗಬೇಕಾದ್ದು

ಈ ಎಲ್ಲದರಿಂದ ನಾವು ಏನು ಮಾಡಬೇಕು? ಸಂಶೋಧಕರು ಮಾಡಬೇಕಾದ ಮೊದಲ ಕೆಲಸ ಅಳತೆ. ಜೀವಂತ ಮನುಷ್ಯನ ಗಡ್ಡೆಯಲ್ಲಿ ಆಟೋಫಜಿ ಎಷ್ಟು ನಡೆಯುತ್ತಿದೆ ಎಂದು ನಂಬಲರ್ಹವಾಗಿ ಅಳೆಯುವ ಸುಲಭ ಪರೀಕ್ಷೆ ಇಲ್ಲದೆ, ಯಾವ ರೋಗಿಗೆ ತಡೆಯಬೇಕು, ಯಾರಿಗೆ ಬಿಡಬೇಕು ಎಂದು ತೀರ್ಮಾನಿಸುವುದು ಕಷ್ಟ. ಎರಡನೆಯದು ಕ್ಲೋರೋಕ್ವಿನ್‌ಗಿಂತ ನಿಖರವಾದ ಔಷಧಗಳು. ಆಟೋಫಜಿಯನ್ನು ಆರಂಭಿಸುವ ಯುಎಲ್‌ಕೆ-1 ಎಂಬ ಕಿಣ್ವವನ್ನು ತಡೆಯುವ ಔಷಧಗಳು ಮನುಷ್ಯರಲ್ಲಿ ಪರೀಕ್ಷೆಗೆ ಬಂದಿವೆ. ಮೂರನೆಯದು, ಇಂಥ ಪರೀಕ್ಷೆಗಳು ನಮ್ಮ ರೋಗಿಗಳಲ್ಲೂ ನಡೆಯಬೇಕು. ಬಾಯಿ ಮತ್ತು ಗರ್ಭಕಂಠದ ಕ್ಯಾನ್ಸರಿನ ಭಾರ ಹೊತ್ತ ನಮ್ಮ ನಾಡಿಗೆ, ಬೇರೆ ದೇಶದ ಬೇರೆ ಕ್ಯಾನ್ಸರುಗಳಲ್ಲಿ ಸಿಕ್ಕ ಉತ್ತರ ತಾನಾಗಿ ಹೊಂದಿಬಿಡುವುದಿಲ್ಲ.

ಅಲ್ಲಿಗೆ ಕನ್ನಡದ ಕೆಲಸವೂ ಬರುತ್ತದೆ. ಔಷಧ ಪ್ರಯೋಗಕ್ಕೆ ಸೇರುವ ರೋಗಿಗೆ ಎಲ್ಲವನ್ನೂ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕೆಂಬುದು ನಿಯಮ. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬಂದ ತಾಯಿಯೊಬ್ಬರ ಮುಂದೆ ಆ ಹಾಳೆ ಇಟ್ಟಾಗ ಅದರ ಕನ್ನಡ ಅವರಿಗೆ ಅರ್ಥವಾಗಬೇಕು. ಈ ಔಷಧ ನನ್ನ ಯಾವ ಕೋಶಕ್ಕೆ, ನನ್ನ ರೋಗದ ಯಾವ ಘಟ್ಟದಲ್ಲಿ, ಯಾವ ಔಷಧದ ಜೊತೆ ಎಂದು ಅವರು ಕೇಳುವಂತಾಗಬೇಕು, ಉತ್ತರಿಸುವ ವೈದ್ಯರಿಗೂ ಅದನ್ನು ಕನ್ನಡದಲ್ಲಿ ಹೇಳಲು ಬರಬೇಕು. ಇಲ್ಲಿ ಕುಳಿತಿರುವ ಜೀವವಿಜ್ಞಾನದ ಮತ್ತು ವೈದ್ಯಕೀಯದ ವಿದ್ಯಾರ್ಥಿಗಳಿಗೆ ನನ್ನ ಒತ್ತಾಯ ಇಷ್ಟೇ: ನೀವು ಓದಿದ್ದನ್ನು ಒಮ್ಮೆ ಕನ್ನಡದಲ್ಲಿ ಬರೆದು, ವಿಜ್ಞಾನ ಓದದ ನಿಮ್ಮ ಮನೆಯವರೊಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿಂದ ಮತ್ತೆ ಬರೆಯಿರಿ. ಆ ಬರಹ ನಾಳೆ ಒಬ್ಬ ರೋಗಿಯ ನಿರ್ಧಾರಕ್ಕೆ ನೆರವಾಗುತ್ತದೆ.